ಅಧ್ಯಕ್ಷರ ಬಿಳಿ ಅಂಗಿಗೆ ಮಣ್ಣು ಹತ್ತಿದ ಬಗ್ಗೆ

ಸನ್ಮಾನ ಸಮಿತಿಯ ಮಾನ್ಯ ಅಧ್ಯಕ್ಷರೇ,

ನನ್ನ ತಮ್ಮ ಪರಶುರಾಮ್ ಕುಡಿದಿರಲಿಲ್ಲ. ಜಗಳೂರಿನ ಮೆರವಣಿಗೆಯಲ್ಲಿ ಅವನು ನಿಮ್ಮನ್ನು ಜೀಪಿನಿಂದ ಕೆಳಕ್ಕೆಳೆದು ಮೇಲೆ ಬಿದ್ದದ್ದಕ್ಕೆ, "ಮಿಲಿಟರಿ ರಮ್ಮು, ಬಿಡ್ರೀ" ಎಂದು ನಾಲ್ಕು ಜನರ ಮುಂದೆ ನಕ್ಕು ಹೇಳಿದಿರಲ್ಲ, ಆ ಮಾತನ್ನು ವಾಪಸ್ ತೆಗೆದುಕೊಳ್ಳಿ ಎಂದು ಕೇಳಲು ಈ ಪತ್ರ. ಖಾಸಗಿಯಾಗಿಯೇ ಬರೆಯಬಹುದಿತ್ತು. ಆದರೆ ನೀವು ಖಾಸಗಿಯಾಗಿ ಹೇಳಲಿಲ್ಲವಲ್ಲ.

ಅವನಿಗೆ ಸೇನಾ ಪದಕ ಯಾಕೆ ಬಂತೆಂದು ನಿಮಗೆ ಗೊತ್ತೇ ಇದೆ. ಫ್ಲೆಕ್ಸಿನಲ್ಲಿ ಹಾಕಿಸಿದ್ದಿರಿ, ನಿಮ್ಮ ಮುಖದ ಕೆಳಗೆ ಜಾಗ ಉಳಿದಷ್ಟರಲ್ಲಿ. ಗಡಿಯಲ್ಲಿ ಉಗ್ರರ ಜೊತೆ ಗುಂಡಿನ ಕಾಳಗ ನಡೆದಾಗ ಗ್ರೆನೇಡ್ ಒಂದು ಬಂದು ಬಿತ್ತು. ಇವನು ಪಕ್ಕದಲ್ಲಿದ್ದ ಜೊತೆಗಾರನನ್ನು ನೆಲಕ್ಕೆ ಕೆಡವಿ ಅವನ ಮೇಲೆ ತಾನು ಬಿದ್ದ. ಜೊತೆಗಾರ ಬದುಕಿದ. ಇವನ ಬೆನ್ನಿನಲ್ಲಿ ಇನ್ನೂ ಚೂರುಗಳಿವೆ, ಎಡಗಿವಿ ಕೇಳಿಸುವುದಿಲ್ಲ.

ಸನ್ಮಾನಕ್ಕೆ ಕರೆಯಲು ನೀವು ಸೊಕ್ಕೆ ಊರಿನ ನಮ್ಮ ಮನೆಗೆ ಬಂದಾಗ ಅವನು ಕೇಳಿದ್ದು ಒಂದೇ: "ಹಾರ ಹಾಕ್ರಿ, ಪೇಟ ಇಡ್ರಿ, ಪಟಾಕಿ ಮಾತ್ರ ಬ್ಯಾಡ ಸಾರ್." ನಮ್ಮ ಮಂಡಕ್ಕಿ ಮೆಲ್ಲುತ್ತಲೇ ನೀವು, "ಪಟಾಕಿ ಇಲ್ದಂಗೆ ಸನ್ಮಾನ ಹೆಂಗ್ರೀ ಆಗ್ತೈತೆ? ಜನ ಏನಂತಾರೆ?" ಎಂದಿರಿ. ನಿಜವೇ. ನಮ್ಮ ಕಡೆ ಎಲೆಕ್ಷನ್ ಗೆದ್ದರೂ ಪಟಾಕಿ, ಸಾಹೇಬರು ವರ್ಗವಾಗಿ ಬಂದರೂ ಪಟಾಕಿ, ಹೋದರೆ ಇನ್ನೂ ಜಾಸ್ತಿ ಪಟಾಕಿ. ಆದರೆ ಸಿಡಿತಕ್ಕೆ ಮೈಯೊಡ್ಡಿದವನನ್ನು ಸಿಡಿಸಿಯೇ ಹೊಗಳಬೇಕೆಂಬ ಬುದ್ಧಿ ತಮ್ಮದೇ ಸ್ವಂತದ್ದು.

ಬಸ್ ಸ್ಟ್ಯಾಂಡಿನ ಹತ್ತಿರ ಸರಪಟಾಕಿಗೆ ಬೆಂಕಿ ಬಿತ್ತು. ಮುಂದಿನದನ್ನು ಊರೆಲ್ಲ ಮೊಬೈಲಿನಲ್ಲಿ ನೋಡಿ ನಕ್ಕಿದೆ. ಕೆಳಗೆ ನೀವು, ನಿಮ್ಮ ಮೇಲೆ ಅವನು, ಪೇಟ ಚರಂಡಿಯಲ್ಲಿ. ನಿಮ್ಮನ್ನಷ್ಟೇ ನೋಡಿದ್ದರೆ ನಾನೂ ನಗುತ್ತಿದ್ದೆ. ಆದರೆ ಅವನ ಅಂಗೈ ನಿಮ್ಮ ತಲೆಯನ್ನು ಮುಚ್ಚಿದ್ದನ್ನು ನೋಡಿದೆ, ಬಾಣಂತಿ ಎಳೆಗೂಸಿನ ನೆತ್ತಿ ಮುಚ್ಚುವ ಹಾಗೆ. ಆಮೇಲೆ ನೀವು ಅಂಗಿ ಬದಲಾಯಿಸಿ ಬಂದು ವೇದಿಕೆಯಲ್ಲಿ ಓದಿದಿರಿ: "ಪ್ರಾಣದ ಹಂಗು ತೊರೆದು ಪಕ್ಕದವರಿಗಾಗಿ ಮೈಯೊಡ್ಡಿದ ವೀರ." ಓದುವಾಗ ಏನೂ ಅನ್ನಿಸಲಿಲ್ಲವೇ? ಅಥವಾ ಭಾಷಣ ಬರೆದುಕೊಟ್ಟವರಿಗೇ ಅರ್ಥ ಮಾಡಿಕೊಳ್ಳುವ ಕೆಲಸವನ್ನೂ ವಹಿಸಿದ್ದೀರೋ?

ಮೊನ್ನೆ ಅವನಿಗೆ ಗೊತ್ತು ಮಾಡಿದ ಹುಡುಗಿಯ ಮನೆಯವರು ಬಂದಿದ್ದರು. ಕುಶಲ ಕೇಳುವ ನೆಪದಲ್ಲಿ ಹತ್ತಿರ ಕೂತು ಅವನ ಬಾಯಿ ಮೂಸಿದರು. "ಸ್ವಲ್ಪ ತಡ್ದು ಮಾತಾಡಾನ" ಎಂದು ಹೇಳಿ ಹೋದರು. ಅವನು ಪದಕವನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದ. ಸಾಹೇಬರೇ, ಶತ್ರುವಿನ ಕೈಯಲ್ಲಿ ಆಗದ್ದನ್ನು ನಿಮ್ಮ ಒಂದು ನಗೆ ಮಾಡಿತು.

ಅವನ ರಜೆ ಮುಗಿಯುವುದರೊಳಗೆ ಅದೇ ಜೀಪು ಹತ್ತಿ, ಆ ಬೀದಿಯಲ್ಲೇ ಮೈಕು ಹಿಡಿದು, "ಪರಶುರಾಮ್ ಕುಡಿದಿರಲಿಲ್ಲ, ನನ್ನನ್ನು ಉಳಿಸಲು ಬಿದ್ದ" ಎಂದು ಹೇಳಿ. ದಯವಿಟ್ಟು ಪಟಾಕಿ ಬೇಡ.

ಮೆರವಣಿಗೆ ನಡೆದ ಸಂಜೆ ನಮ್ಮವ್ವ ಅಂಜಿನಮ್ಮ ಅವನನ್ನು ಕೇಳಿದಳು: "ಜೀಪಿನಾಗೆ ಅಷ್ಟು ಜನ ಇದ್ರು. ಹೋಗಿ ಹೋಗಿ ಆ ಮನುಷ್ಯನ್ನ ಉಳಿಸಾಕೆ ಹೋದ್ಯಲ್ಲೋ?"

"ಪಕ್ಕದಾಗೆ ಅವ್ರೇ ಇದ್ರಲ್ಲವ್ವ," ಎಂದ.

ಇಂತಿ,
ನಿಮ್ಮ ಅಂಗಿಯ ಮಣ್ಣಿಗೆ ಮಾತ್ರ ವಿಷಾದಿಸುವ,
ಮಾಲಾ, ಸೊಕ್ಕೆ