ಮೂರು ವಾರದ ಡೇಟಾಬೇಸ್ ತಲೆನೋವು

ಮಾರ್ಚ್ ೧೧, ಮಂಗಳವಾರ

ಗಿರಾಕಿಗಳ ವೆಬ್‌ಸೈಟುಗಳೆಲ್ಲ ಹಂಚಿಕೊಳ್ಳುವ ನಮ್ಮ ಹೊಸ ಸರ್ವರ್‌ಗೆ ಯಾವ ಡೇಟಾಬೇಸ್ ಎಂಬ ತಲೆನೋವು ಇವತ್ತು ಮುಗಿಯಿತು. ಗೆದ್ದವನು ಮಾತ್ರ ನಾನಲ್ಲ.

ಪೋಸ್ಟ್‌ಗ್ರೆಸ್, ಮರಿಯಾಡಿಬಿ ಎರಡೂ ಓಪನ್ ಸೋರ್ಸ್, ಕಾಸು ಕೊಡಬೇಕಿಲ್ಲ. ಆದರೆ ನನ್ನ ಮನಸ್ಸು ಮೊದಲಿನಿಂದಲೂ ಪೋಸ್ಟ್‌ಗ್ರೆಸ್ ಕಡೆಗೇ. ಮೂರು ವಾರ ವೇಗ ಅಳೆದು, ಹನ್ನೆರಡು ಪುಟದ ವರದಿ ಬರೆದು ನನ್ನ ಜೊತೆ ಈ ಕಂಪನಿ ನಡೆಸುವ ಅತ್ತಿಗೆಯ ಮೇಜಿನ ಮೇಲಿಟ್ಟೆ. ಗಿರಾಕಿಗಳ ಫೋನ್ ಎತ್ತುವುದು ಅವರೇ. ಒಂದು ಪುಟವನ್ನೂ ತಿರುವಲಿಲ್ಲ.

“ಈಗ ಎಷ್ಟು ಸೈಟ್ ಇವೆ ನಮ್ಮಲ್ಲಿ?”

“ಇನ್ನೂರ ಹನ್ನೆರಡು, ಅತ್ತಿಗೆ.”

“ಅವರೆಲ್ಲ ಏನು ಬಳಸ್ತಿದಾರೆ ಅಂತ ನೋಡಿದ್ಯಾ?”

ಅಲ್ಲೇ ಕೂತು ಎಣಿಸಿದೆ. ದರ್ಜಿ, ಹೂವಿನಂಗಡಿಯವರು, ಹಲ್ಲಿನ ಡಾಕ್ಟರು, ಎಲ್ಲರದೂ ಒಂದೇ ಗುಂಡಿ ಒತ್ತಿ ಹಾಕಿಕೊಂಡ ಸಿದ್ಧ ಸೈಟು. ಅವಕ್ಕೆಲ್ಲ ಈಗಿರುವ ಮರಿಯಾಡಿಬಿಯೇ ಬೇಕು.

“ಸೈಟ್ ನಿಂತುಹೋದ್ರೆ ದರ್ಜಿಗೆ ನಿನ್ನ ವರದಿ ಓದಿ ಹೇಳ್ಲಾ?” ಎಂದರು ಅತ್ತಿಗೆ.

ಮರಿಯಾಡಿಬಿಯೇ ಇರಲಿ ಎಂದೆ. ಮಾನ ಉಳಿಸಿಕೊಳ್ಳಲು, ಪೋಸ್ಟ್‌ಗ್ರೆಸ್ ಬಳಸುವ ಸೈಟುಗಳೂ ಮೂರು ಇವೆ ಎಂದು ಸೇರಿಸಿದೆ. ಯಾರವು ಎಂದು ಅವರು ಕೇಳಲಿಲ್ಲ, ಪುಣ್ಯ.

ಮೂರೂ ನನ್ನವೇ.