ಕೇಸರಿಬಾತ್ ತಿಂದು ಬೀಗ ಹಾಕಿದ ಅಧಿಕಾರಿಯವರಿಗೆ

ಗುಂಡ್ಲುಪೇಟೆಯ ಬಸ್ ನಿಲ್ದಾಣದ ಹಿಂದಿನ ಸಮುದಾಯ ಭವನದ ಬೀಗದ ಕೈ ಯಾರ ಮೇಜಿನ ಡ್ರಾಯರಿನಲ್ಲಿದೆಯೋ, ಆ ಮಾನ್ಯರೇ,

ತಾವು ಆ ಭವನಕ್ಕೆ ಬೀಗ ಹಾಕಿಸಿ ಇಂದಿಗೆ ನಲವತ್ತು ದಿನ. ನಲವತ್ತು ದಿನದಿಂದ ಅರವತ್ತನಾಲ್ಕು ಕಾಲೇಜು ಮಕ್ಕಳು ಬೆಳಗಿನ ಹೊತ್ತು ಖಾಲಿ ಹೊಟ್ಟೆಯಲ್ಲಿ ಪಾಠ ಕೇಳುತ್ತಿದ್ದಾರೆ. ಅವರಲ್ಲೊಬ್ಬಳು ಹನ್ನೊಂದು ದಿನದಿಂದ ಪಾಠವನ್ನೂ ಕೇಳುತ್ತಿಲ್ಲ, ಮನೆಯಲ್ಲಿದ್ದಾಳೆ. ಈ ಶನಿವಾರದೊಳಗೆ ಅವಳು ತರಗತಿಗೆ ಬಾರದಿದ್ದರೆ ಹಾಜರಾತಿ ಸಾಲದೆ ಕೊನೆಯ ಪರೀಕ್ಷೆಗೆ ಕೂರಲಾರಳು. ವಿಷಯ ಇಷ್ಟೇ. ಉಳಿದದ್ದೆಲ್ಲ ತಮ್ಮ ಕಚೇರಿಯ ಕಡತದಲ್ಲಿ ಇಲ್ಲದ ಸಂಗತಿ, ಆದ್ದರಿಂದ ಊರಿನ ಎದುರು ಬರೆಯುತ್ತಿದ್ದೇನೆ.

ನಾನು ಯಾರೆಂದು ತಾವು ಮರೆತಿರಬಹುದು. ಒಂದು ಕಾಲೇಜಿನ ಕಚೇರಿಯಲ್ಲಿ ಮೂವತ್ತೊಂದು ವರ್ಷ ಗುಮಾಸ್ತೆಯಾಗಿದ್ದು ನಿವೃತ್ತಳಾದವಳು. ‘ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲು ಕೋರಿದೆ’ ಎಂಬ ವಾಕ್ಯವನ್ನು ಎಷ್ಟು ಸಾವಿರ ಸಲ ಟೈಪು ಮಾಡಿದ್ದೇನೋ ದೇವರಿಗೇ ಗೊತ್ತು. ಹಾಗಾಗಿ ತಮ್ಮ ಭಾಷೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಆ ಕಚೇರಿಯ ಕಿಟಕಿಯಿಂದ ನಾನು ವರ್ಷಾನುಗಟ್ಟಲೆ ನೋಡಿದ್ದು ಒಂದೇ ದೃಶ್ಯ. ನಮ್ಮದೇ ತಾಲ್ಲೂಕಿನ ಮದ್ದೂರು ಕಡೆಯ, ಬಂಡೀಪುರದ ಅಂಚಿನ ಹಳ್ಳಿಗಳ ಮಕ್ಕಳು ಮೊದಲನೇ ಬಸ್ಸಿಗೆ ಬಂದು ಇಳಿಯುತ್ತಿದ್ದರು. ಆ ಬಸ್ಸು ತಪ್ಪಿದರೆ ಮುಂದಿನದು ಹತ್ತೂವರೆಗೆ. ಆನೆ ಓಡಾಡುವ ದಾರಿ, ನಸುಕಿನಲ್ಲಿ ನೀರು ಸೌದೆ ತರಲು ಯಾರೂ ಹೊರಗೆ ಕಾಲಿಡುವುದಿಲ್ಲ, ಒಲೆ ಹಚ್ಚುವುದು ಬೆಳಕು ಹರಿದ ಮೇಲೆಯೇ. ಅಷ್ಟರಲ್ಲಿ ಬಸ್ಸು ಹೊರಟಾಗಿರುತ್ತದೆ. ಮಕ್ಕಳು ಹಾಗೆಯೇ ಬರುತ್ತಾರೆ, ಸಂಜೆಯವರೆಗೆ ಹಾಗೆಯೇ ಇರುತ್ತಾರೆ. ಹತ್ತನೇ ತರಗತಿಯವರೆಗೆ ಸರ್ಕಾರ ಶಾಲೆಯಲ್ಲಿ ಊಟ ಹಾಕುತ್ತದೆ. ಕಾಲೇಜು ಮೆಟ್ಟಿಲು ಹತ್ತಿದ ಮೇಲೆ ಹಸಿವಾಗುವುದಿಲ್ಲ ಎಂದು ಯಾವ ತಜ್ಞರ ಸಮಿತಿ ವರದಿ ಕೊಟ್ಟಿದೆಯೋ ತಾವೇ ಹೇಳಬೇಕು.

ನಿವೃತ್ತಳಾದ ಮೇಲೆ ನಮ್ಮ ಬೀದಿಯ ಹನ್ನೊಂದು ಹೆಂಗಸರು ಸೇರಿ ಒಂದು ಸಂಘ ಮಾಡಿಕೊಂಡೆವು. ತಮ್ಮ ಇಲಾಖೆಯನ್ನು ಏನೂ ಕೇಳಲಿಲ್ಲ. ಮನೆಗೊಂದು ಡಬ್ಬಿ, ದಿನಾ ಅನ್ನಕ್ಕಿಡುವಾಗ ಅದಕ್ಕೆ ಒಂದು ಹಿಡಿ ಅಕ್ಕಿ. ತರಕಾರಿಯನ್ನು ತೆರಕಣಾಂಬಿ ಮಾರುಕಟ್ಟೆಯಿಂದ ಹಿಂತಿರುಗುವ ರೈತರು ಇಳಿಸಿ ಹೋಗುತ್ತಿದ್ದರು. ಒಂದು ದಿನ ಟೊಮೆಟೊ ಬಾತ್, ಒಂದು ದಿನ ಉಪ್ಪಿಟ್ಟು, ಅವರೆಕಾಯಿ ಕಾಲದಲ್ಲಿ ಅವರೆಕಾಳು ಬಾತ್. ತಮ್ಮ ಹಿಂದಿನವರು ಭವನದ ಅಡುಗೆಮನೆಯನ್ನು ಬೆಳಿಗ್ಗೆ ಎರಡು ಗಂಟೆ ಬಳಸಿಕೊಳ್ಳಿ ಎಂದು ಬಾಯಿಮಾತಿನಲ್ಲಿ ಹೇಳಿದ್ದರು. ಮಕ್ಕಳಿಗೆ ನಾವು ಹಾಕಿದ್ದು ಒಂದೇ ಷರತ್ತು, ಮನೆಯಿಂದ ಒಂದು ತಟ್ಟೆ ತಂದು ಇಲ್ಲಿಡಬೇಕು, ತಿಂದಾದ ಮೇಲೆ ತೊಳೆದಿಡಬೇಕು. ಒಬ್ಬೊಬ್ಬರದೂ ಒಂದೊಂದು ಥರ. ಮದುವೆಯ ಮುಯ್ಯಿಗೆ ಬಂದ ಸ್ಟೀಲು ತಟ್ಟೆಗಳು, ಅಂಚಿನಲ್ಲಿ ಅಜ್ಜಿಯದೋ ಅವ್ವನದೋ ಹೆಸರು ಕೊರೆಸಿದ್ದು. ಮೂರು ವರ್ಷ ಒಂದೇ ಒಂದು ತಟ್ಟೆ ಅದಲು ಬದಲಾಗಲಿಲ್ಲ.

ಹೀಗಿರುವಾಗ ತಾವು ವರ್ಗವಾಗಿ ಬಂದಿರಿ. ತಮಗೆ ತಾಲ್ಲೂಕಿನ ಸಂಘಸಂಸ್ಥೆಗಳನ್ನು ‘ಖುದ್ದು ಪರಿವೀಕ್ಷಿಸುವ’ ಉಮೇದು. ಒಂದು ಸೋಮವಾರ ತಮ್ಮ ಕಚೇರಿಯ ಜವಾನ ಲಿಂಗಯ್ಯ ಫೋನು ಮಾಡಿ, ನಾಳೆ ಹತ್ತು ಗಂಟೆಗೆ ಸಾಹೇಬರು ಬರುತ್ತಾರೆ ಎಂದರು.

ಇಲ್ಲಿ ನನ್ನ ತಪ್ಪನ್ನು ನಾನೇ ಒಪ್ಪಿಕೊಳ್ಳಬೇಕು. ಮೂವತ್ತೊಂದು ವರ್ಷದಲ್ಲಿ ನಾನು ಎಷ್ಟೋ ತಪಾಸಣೆ ಕಂಡವಳು. ತಪಾಸಣೆ ಎಂದರೆ ಏನು? ಕಾಂಪೌಂಡಿಗೆ ಸುಣ್ಣ, ಬಾಗಿಲಿಗೆ ತೋರಣ, ಮೇಜಿಗೆ ಹೊಸ ಬಟ್ಟೆ, ಗಲಾಟೆಯಾಗದಂತೆ ಮಕ್ಕಳಿಗೆ ರಜೆ. ಕಾಲೇಜು ಹೇಗೆ ನಡೆಯುತ್ತಿದೆಯೆಂದು ನೋಡಲು ಬಂದವರಿಗೆ ಕಾಲೇಜು ನಡೆಯದ ದಿನವನ್ನು ತೋರಿಸುವುದನ್ನು ನಾವು ಮರ್ಯಾದೆ ಅಂದುಕೊಂಡಿದ್ದೆವು. ಆ ಚಾಳಿ ನಿವೃತ್ತಿಯಾದರೂ ಬಿಟ್ಟಿರಲಿಲ್ಲ. ಮಂಗಳವಾರ ಯಾರೂ ಬರಬೇಡಿ ಎಂದು ಮಕ್ಕಳಿಗೆ ಹೇಳಿಕಳಿಸಿದೆ. ಹೆಂಗಸರೆಲ್ಲ ಸೇರಿ ಅಡುಗೆಮನೆಯ ಮಸಿ ಉಜ್ಜಿ ಸುಣ್ಣ ಬಳಿದೆವು. ಪಾತ್ರೆಗಳಿಗೆ ಹುಣಸೆಹಣ್ಣು ಹಾಕಿ ಫಳಫಳ ಮಾಡಿದೆವು. ಆ ಅರವತ್ತನಾಲ್ಕು ತಟ್ಟೆಗಳು, ಕೆಲವು ನೆಗ್ಗಿದ್ದು, ಕೆಲವು ಮಾಸಿದ್ದು, ಸಾಹೇಬರ ಕಣ್ಣಿಗೆ ಬಿದ್ದರೆ ಚೆನ್ನಾಗಿರುವುದಿಲ್ಲವೆಂದು ಎರಡು ಗೋಣಿಚೀಲಕ್ಕೆ ತುಂಬಿ ಅಟ್ಟಕ್ಕೆ ಏರಿಸಿದೆವು. ನಮ್ಮ ಸಂಘದ ಹಿರಿಯಳು ದೊಡ್ಡಮಲ್ಲಮ್ಮ, ಎಪ್ಪತ್ತು ದಾಟಿದವಳು, ಪೊರಕೆ ಹಿಡಿದು ನಿಂತು ಒಂದೇ ಮಾತು ಕೇಳಿದಳು.

“ಅಲ್ಲಾ ಕಣವ್ವ, ಉಣ್ಣೋ ಮಕ್ಳೇ ಇಲ್ದಿದ್ರ ಅವ್ರಿಗೆ ಇನ್ನೇನ ತೋರ್ಸೀಯೆ?”

ನಿನಗೆ ಇದೆಲ್ಲ ಗೊತ್ತಾಗಲ್ಲ, ಸುಮ್ಮನಿರು ಎಂದು ನಾನು ಗದರಿಸಿದೆ. ಓದು ಬಾರದ ಆಕೆಗೆ ಹೊಳೆದದ್ದು ನನಗೆ ಹೊಳೆಯಲಿಲ್ಲವಲ್ಲ ಎಂದು ಈಗ ಹೊಟ್ಟೆ ಉರಿಯುತ್ತದೆ.

ಹತ್ತಕ್ಕೆ ಬರಬೇಕಿದ್ದ ತಾವು ಹನ್ನೊಂದು ಮುಕ್ಕಾಲಿಗೆ ಬಂದಿರಿ. ಗೋಡಂಬಿ, ದ್ರಾಕ್ಷಿ, ತುಪ್ಪ ಧಾರಾಳವಾಗಿ ಬಿದ್ದ ಕೇಸರಿಬಾತನ್ನು ಎರಡು ಸಲ ಹಾಕಿಸಿಕೊಂಡಿರಿ. ಮಕ್ಕಳೆಲ್ಲಿ ಎಂದು ತಾವು ಕೇಳಿದ್ದು ನಿಜ. ತಮಗೆ ತೊಂದರೆಯಾಗಬಾರದೆಂದು ಇವತ್ತೊಂದು ದಿನ ಬರಬೇಡಿ ಎಂದಿದ್ದೇವೆ ಸರ್, ಎಂದು ನಾನು ಹೆಮ್ಮೆಯಿಂದ ಹೇಳಿದೆ. ತಾವು ಕರವಸ್ತ್ರದಲ್ಲಿ ಬೆರಳೊರೆಸಿಕೊಳ್ಳುತ್ತ “ವೆರಿ ಗುಡ್, ವೆರಿ ಗುಡ್” ಎಂದಿರಿ. ಎರಡು ಸಲ. ಹನ್ನೊಂದು ಹೆಂಗಸರು ಕೇಳಿಸಿಕೊಂಡಿದ್ದೇವೆ.

ಮಾರನೆಯ ದಿನ ಬೆಳಿಗ್ಗೆ ಏಳೂವರೆಗೆ ನಾವು ಅಕ್ಕಿ ಹೊತ್ತು ಹೋದಾಗ ಲಿಂಗಯ್ಯ ಬಾಗಿಲಿಗೆ ಬೀಗ ಹಾಕಿ, ಅದರ ಪಕ್ಕ ಕಾಗದ ಅಂಟಿಸುತ್ತಿದ್ದರು. ‘ಪರಿವೀಕ್ಷಣಾ ಸಮಯದಲ್ಲಿ ಯಾವುದೇ ಫಲಾನುಭವಿಗಳು ಕಂಡುಬಂದಿರುವುದಿಲ್ಲ. ಅಡುಗೆಮನೆಯು ಬಳಕೆಯಲ್ಲಿದ್ದ ಕುರುಹುಗಳು ಇರುವುದಿಲ್ಲ. ಆದ್ದರಿಂದ ಸದರಿ ಭವನವನ್ನು ಕಚೇರಿಯ ವಶಕ್ಕೆ ಪಡೆಯಲಾಗಿದೆ.’ ಒಂದೇ ರಾತ್ರಿಯಲ್ಲಿ ಸರ್ಕಾರಿ ಆದೇಶ ಹುಟ್ಟಿ, ಸಹಿಯಾಗಿ, ಗೋಡೆಗೆ ಅಂಟಿಕೊಂಡದ್ದನ್ನು ನನ್ನ ಜೀವಮಾನದಲ್ಲಿ ಕಂಡಿರಲಿಲ್ಲ. ಆ ವೇಗಕ್ಕೆ ನನ್ನ ಅಭಿನಂದನೆ. ಆದರೆ ಮಾನ್ಯರೇ, ಬಳಕೆಯಲ್ಲಿಲ್ಲದ ಅಡುಗೆಮನೆಯಿಂದ ಕೇಸರಿಬಾತ್ ಹೇಗೆ ಬಂತು? ಅದನ್ನಾದರೂ ಕುರುಹು ಎಂದು ಬರೆದುಕೊಳ್ಳಬಹುದಿತ್ತಲ್ಲವೇ? ಮಕ್ಕಳು ಏಕೆ ಇಲ್ಲವೆಂದು ನಾನು ಬಾಯಿಬಿಟ್ಟು ಹೇಳಿದ್ದು, ತಾವು ತಲೆದೂಗಿದ್ದು, ವರದಿಯ ಯಾವ ಸಾಲಿನಲ್ಲಿದೆ?

ದೊಡ್ಡ ಪಾತ್ರೆಗಳೆಲ್ಲ ಬೀಗದೊಳಗೇ ಉಳಿದವು, ಅರವತ್ತನಾಲ್ಕು ಮಂದಿಗೆ ಬೇಯಿಸುವ ಒಲೆ ನಮ್ಮ ಯಾರ ಮನೆಯಲ್ಲೂ ಇಲ್ಲ. ಆಮೇಲೆ ನಾನು ತಮ್ಮ ಕಚೇರಿಗೆ ನಾಲ್ಕು ಸಲ, ಚಾಮರಾಜನಗರದ ಜಿಲ್ಲಾ ಕಚೇರಿಗೆ ಎರಡು ಸಲ ಅಲೆದೆ. ಅಲ್ಲಿಯವರು ಕಡತ ಗುಂಡ್ಲುಪೇಟೆಯಲ್ಲಿದೆ ಎಂದರು, ಇಲ್ಲಿಯವರು ಚಾಮರಾಜನಗರಕ್ಕೆ ಹೋಗಿದೆ ಎಂದರು. ಕೊನೆಗೆ ತಮ್ಮ ಕಚೇರಿಯಿಂದ ಒಂದು ಉತ್ತರ ಬಂತು. ‘ಸದರಿ ಭವನದಲ್ಲಿ ಫಲಾನುಭವಿಗಳು ಆಹಾರ ಸೇವಿಸುತ್ತಿರುವ ಇತ್ತೀಚಿನ ಭಾವಚಿತ್ರಗಳನ್ನು ಲಗತ್ತಿಸಿ ಮರುಮನವಿ ಸಲ್ಲಿಸುವುದು.’ ಬೀಗ ಹಾಕಿದ ಭವನದೊಳಗೆ ಮಕ್ಕಳು ತಿನ್ನುತ್ತಿರುವ ಫೋಟೊ! ಹೆಂಚು ತೆಗೆದು ಇಳಿಸಬೇಕೋ ಅವರನ್ನು?

ಈ ನಲವತ್ತು ದಿನದಲ್ಲಿ ಭವನದ ಬಾಗಿಲು ತೆರೆಯಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಒಂದು ದಿನ ತೆರೆಯಿತು. ಸಮಾಜ ಸೇವಾ ಸಂಸ್ಥೆಗಳ ಸಮಾವೇಶಕ್ಕೆ. ಊರಿನ ಸಂಘಗಳ ಅಧ್ಯಕ್ಷರುಗಳು ಒಬ್ಬರಿಗೊಬ್ಬರು ಶಾಲು ಹೊದಿಸಿದರು, ತಮಗೂ ಒಂದು ಹೊದಿಸಿದರು. ತಾವು ಯುವಜನರ ಪೌಷ್ಟಿಕತೆಯ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದಿರಿ. ಊಟ ಹೋಟೆಲಿನಿಂದ ಪೊಟ್ಟಣದಲ್ಲಿ ಬಂತು. ನಾನು ಒಳಗೆ ಹೋಗಿ ಅಟ್ಟದ ಚೀಲ ಇಳಿಸಿಕೊಳ್ಳುತ್ತೇನೆ ಎಂದರೆ ಆಹ್ವಾನ ಪತ್ರಿಕೆ ಇಲ್ಲದವರಿಗೆ ಪ್ರವೇಶವಿಲ್ಲ ಎಂದರು.

ಈಗ ಆ ಹುಡುಗಿಯ ವಿಷಯ. ರಮ್ಯ ಮದ್ದೂರು ಕಡೆಯವಳು. ಅಪ್ಪ ಶಿವಮಲ್ಲು ಅರಣ್ಯದಲ್ಲಿ ದಿನಗೂಲಿ ವಾಚರ್, ಅವ್ವ ಪುಟ್ಟಸಿದ್ದಮ್ಮ ಕೂಲಿಗೆ ಹೋಗುತ್ತಾಳೆ. ಬಿ.ಎ. ಕೊನೆಯ ವರ್ಷ, ಇನ್ನೊಂದೇ ಪರೀಕ್ಷೆ. ಅವರ ಮನೆತನದಲ್ಲಿ ಪಿಯುಸಿ ದಾಟಿದವಳು ಅವಳೊಬ್ಬಳೇ. ಬೀಗ ಬಿದ್ದ ಮೇಲೂ ನಾಲ್ಕು ವಾರ ತಪ್ಪದೆ ಬಂದಳು. ಹನ್ನೆರಡು ದಿನದ ಹಿಂದೆ ಕಿರುಪರೀಕ್ಷೆ ಬರೆಯುತ್ತಿದ್ದಾಗ ಬೆಂಚಿನಿಂದ ಉರುಳಿದಳು. ಹುಬ್ಬಿನ ಮೇಲೆ ಮೂರು ಹೊಲಿಗೆ. ಆಸ್ಪತ್ರೆಯಲ್ಲಿ ಡಾಕ್ಟರು, ಕಾಯಿಲೆ ಏನಿಲ್ಲ, ಬೆಳಿಗ್ಗೆ ತಿನ್ನಿಸಿ ಎಂದರು. ಅಷ್ಟು ಹೇಳಲು ಡಾಕ್ಟರೇ ಬೇಕಾಗಿರಲಿಲ್ಲ.

ಮರುದಿನ ಶಿವಮಲ್ಲು ನನ್ನ ಮನೆಗೆ ಬಂದರು. ಕೂರಿ ಎಂದರೂ ಕೂರಲಿಲ್ಲ. ಬೆಟ್ಟದಂಥ ಆನೆ ಎದುರು ಬಂದರೂ ಗಟ್ಟಿಯಾಗಿ ನಿಲ್ಲುವ ಮನುಷ್ಯ, ಬಾಗಿಲ ಚೌಕಟ್ಟು ಹಿಡಿದುಕೊಂಡು ನೆಲ ನೋಡುತ್ತ ಮಾತಾಡಿದರು.

“ಓದಿದ್ದು ಸಾಕು ಬುಡಿ ಮೇಡಮ್ಮೋರೆ. ಒಟ್ಟೆಗಿಲ್ದೆ ಎಣ್ಣುಮಗ ಎಲ್ಲೋ ಬಿದ್ದು ಸತ್ರ ಏನ್ ಮಾಡನ? ಅವಳ ತಟ್ಟೆ ನಿಮ್ತಾವೇ ಅದಂತಲ್ಲ, ಕೊಟ್ಬುಡಿ. ಅವಳವ್ವನ ಮದ್ವೆದು.”

ಮಾನ್ಯರೇ, ನಮ್ಮ ಕಡೆ ತಟ್ಟೆ ವಾಪಸು ಕೇಳುವುದೆಂದರೆ ಏನು ಎಂದು ತಮಗೆ ತಿಳಿಯದು. ನಾವು ನಡೆಸಿದ ಮೂರು ವರ್ಷದಲ್ಲಿ ಏಳು ತಟ್ಟೆಗಳು ಹಾಗೆ ಓದಿನ ನಡುವೆಯೇ ಮನೆಗೆ ಹೋಗಿವೆ, ಏಳೂ ಹೆಣ್ಣುಮಕ್ಕಳವು. ತಟ್ಟೆ ಹೋದ ಹುಡುಗಿ ಒಬ್ಬಳೂ ಕಾಲೇಜಿಗೆ ಮರಳಲಿಲ್ಲ. ನನಗೆ ಅಳು ಬಂತು, ಸಿಟ್ಟೂ ಬಂತು. ತಟ್ಟೆ ಬೀಗದ ಒಳಗಿದೆ, ತೆಗೆದ ದಿನ ಕೊಡುತ್ತೇನೆ ಎಂದೆ. ತಾವು ಹಾಕಿದ ಬೀಗದಿಂದ ಆದ ಉಪಕಾರ ಅದೊಂದೇ. ಅವತ್ತು ಆ ತಟ್ಟೆ ನನ್ನ ಕೈಗೆ ಎಟುಕಿದ್ದರೆ ರಮ್ಯಳ ಓದು ಅಲ್ಲಿಗೆ ಮುಗಿಯುತ್ತಿತ್ತು. ಭವನ ತೆರೆದರೆ ಕಳಿಸುತ್ತೀರಾ ಎಂದು ಕೇಳಿದೆ.

“ಊಟ ಇಕ್ತೀರಿ ಅಂದ್ರ ಕಳುಸ್ತಿನಿ. ಇಲ್ದಿದ್ರ ತಟ್ಟೆ ಕೊಡಿ.”

ಆ ತಂದೆಯ ಬೇಡಿಕೆ ಎರಡೇ, ಆದ್ದರಿಂದ ನನ್ನದೂ ಎರಡೇ. ಶುಕ್ರವಾರ ಬೆಳಿಗ್ಗೆ ಏಳೂವರೆಗೆ ಬೀಗದ ಕೈ ಕಳಿಸಿ. ತಾವೇ ಬಂದರೆ ಇನ್ನೂ ಒಳ್ಳೆಯದು, ಆದರೆ ಈ ಸಲ ಮುಂಚಿತವಾಗಿ ತಿಳಿಸಬೇಡಿ. ತಿಳಿಸಿದರೂ ನಾವು ಸುಣ್ಣ ಬಳಿಯುವುದಿಲ್ಲ, ಕೇಸರಿಬಾತ್ ಮಾಡುವುದಿಲ್ಲ, ಮಕ್ಕಳನ್ನು ಬಚ್ಚಿಡುವುದಿಲ್ಲ. ಗೋಡೆಯ ಮೇಲೆ ಮಸಿ ಇರುತ್ತದೆ. ಹಸಿವಿದ್ದರೆ ಸಾಲಿನಲ್ಲಿ ನಿಲ್ಲಿ, ಉಪ್ಪಿಟ್ಟು ಹಾಕುತ್ತೇವೆ. ಅಟ್ಟದ ಮೇಲಿನ ಎರಡು ಚೀಲ ಬಿಚ್ಚಿ ತಟ್ಟೆಗಳ ಅಂಚು ಓದಿ, ತಮಗೆ ಕಾಣದ ಅರವತ್ತನಾಲ್ಕು ಫಲಾನುಭವಿಗಳು ಅಲ್ಲೇ ಇದ್ದಾರೆ.

ಅದಾಗದಿದ್ದರೆ ಎರಡನೆಯದು. ಶನಿವಾರ ಕಳೆದ ಮೇಲೆ ತಮಗೆ ಬಿಡುವಾದಾಗ ಬಾಗಿಲು ತೆಗೆಸಿ, ‘ಪುಟ್ಟಸಿದ್ದಮ್ಮ’ ಎಂದು ಕೊರೆದಿರುವ ತಟ್ಟೆಯನ್ನು ಹುಡುಕಿಕೊಳ್ಳಿ. ಮದ್ದೂರಿನ ಬಸ್ಸು ಹತ್ತಿ ಹೋಗಿ ಶಿವಮಲ್ಲುವಿನ ಕೈಗೆ ತಾವೇ ಕೊಟ್ಟು ಬನ್ನಿ. ಅದನ್ನು ನಾನು ಕೊಡುವುದಿಲ್ಲ.

ಇಂತಿ,
ಸಾಹೇಬರು ಬರುತ್ತಾರೆಂದು ಮಕ್ಕಳನ್ನು ಬರಬೇಡಿ ಎಂದ ತಪ್ಪಿಗೆ ನಲವತ್ತು ದಿನದಿಂದ ಬೆಳಗಿನ ತಿಂಡಿ ಸೇರದ,
ಶಶಿರೇಖಾ
ನಿವೃತ್ತ ಗುಮಾಸ್ತೆ, ಗುಂಡ್ಲುಪೇಟೆ