ಬೆನ್ನ ಮೇಲಿನ ಗುರುತು

ಮನೆಯ ಹಿಂದಿನ ಕೋಣೆಯಿಂದ
ಮಾರ್ಚ್ ಹನ್ನೊಂದು, ಮಂಗಳವಾರ

ನನ್ನ ಮೊಂಡು ಮೊಮ್ಮಗಳಿಗೆ,

ಹೇಗಿದ್ದೀಯಾ? ಹೊಟ್ಟೆಗೆ ಸರಿಯಾಗಿ ತಿನ್ನುತ್ತಿದ್ದೀಯೋ ಇಲ್ಲವೋ? ನಿದ್ದೆಯೂ ಇಲ್ಲವಂತೆ, ನಿನ್ನ ಅಮ್ಮ ಹೇಳಿದಳು. ನಾನು ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೇ ಬರೆಯಲು ಕೂತೆ. ಅಕ್ಷರ ನೋಡಿ ನಗಬೇಡ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು ಇನ್ನೇನು ಮುತ್ತು ಪೋಣಿಸುತ್ತಾಳೆಯೇ?

ಅರಿವಳಿಕೆ ಡಾಕ್ಟರ್ ಓದು ಬಿಟ್ಟು ಬರುತ್ತೇನೆ ಎಂದೆಯಂತೆ. ಕೇಳಿದಾಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಒಲೆಯ ಮೇಲೆ ಹಾಲಿಟ್ಟು ಬಾಗಿಲಿಗೆ ಬಂದೆ, ತಿರುಗಿ ಹೋಗುವಷ್ಟರಲ್ಲಿ ಉಕ್ಕಿ ಹರಿದಿತ್ತು. ನಿನ್ನ ಅಜ್ಜ ನನ್ನ ಮುಖ ನೋಡಿ, ತಾವೇ ಬಟ್ಟೆ ತಂದು ಒಲೆ ಒರೆಸಿದರು.

ಆಗಿದ್ದಾದರೂ ಏನು? ಆಪರೇಷನ್ನಿಗೆ ಮೊದಲು ಒಬ್ಬನ ಬೆನ್ನಿಗೆ ಸೂಜಿ ಹಾಕುವಾಗ ಅವನ ಕಾಲು ಝುಮ್ಮೆಂದು ಎಗರಿತು. ನೀನು ಅಲ್ಲೇ ನಿಲ್ಲಿಸಿ ಹಿಂದಕ್ಕೆ ತೆಗೆದೆ, ನಿನ್ನ ಮೇಡಂ ಮುಂದುವರಿಸಿದರು. ಆ ಮನುಷ್ಯ ಆರಾಮಾಗಿ ನಡೆದುಕೊಂಡು ಮನೆಗೆ ಹೋದ. ನೀನು ಮಾತ್ರ ಅವತ್ತಿನಿಂದ ಸೂಜಿ ಮುಟ್ಟಿಲ್ಲ. ತಪ್ಪು ಎಲ್ಲಾಯಿತು ಎಂದು ಅಮ್ಮನಿಗೆ ನೀನೇ ಹೇಳಿದ್ದೀಯ. ಅವನು ನೆಟ್ಟಗೆ ಕೂತಿದ್ದಾಗ ಪೆನ್ನಲ್ಲಿ ಗುರುತು ಹಾಕಿದೆ, ಆಮೇಲೆ ಬಾಗಲು ಹೇಳಿದೆ. ಅವನು ಬಾಗುತ್ತಾ ಒಂದು ಪಕ್ಕಕ್ಕೆ ವಾಲಿದ. ಚರ್ಮ ಜರುಗಿತು, ಗುರುತೂ ಅದರ ಜೊತೆ ಹೋಯಿತು, ಎಲುಬು ಅಲ್ಲೇ ಉಳಿಯಿತು. ನೀನು ಇನ್ನೊಮ್ಮೆ ಒತ್ತಿ ನೋಡದೆ ಗುರುತನ್ನೇ ನಂಬಿದೆ. ಇನ್ನು ಮೇಲೆ ಬಾಗಿಸಿದ ನಂತರವೂ ಒತ್ತಿ ನೋಡು. ಅದಕ್ಕಾಗಿ ಗಂಟುಮೂಟೆ ಕಟ್ಟಬೇಕೇ?

ರಜೆಗೆ ಬಂದಾಗಲೆಲ್ಲ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ತಬ್ಬಿಕೊಳ್ಳಲು ದಿಂಬು ಕೊಟ್ಟು, "ಅಜ್ಜೀ, ಬೆಕ್ಕಿನ ಥರ ಬೆನ್ನು ಗೂನು ಮಾಡು" ಅನ್ನುತ್ತಿದ್ದೆ. ಎರಡೂ ಕಡೆ ಸೊಂಟದ ಎಲುಬಿನ ಮೇಲೆ ಬೆರಳಿಟ್ಟು, ಹೆಬ್ಬೆರಳುಗಳನ್ನು ನಡುವೆ ಕೂಡಿಸಿ, ಎಲುಬಿನ ಸಂದು ಹುಡುಕಿ, ಪೆನ್ನಲ್ಲಿ ಗೀಚುತ್ತಿದ್ದೆ. "ಇದಕ್ಕಿಂತ ಮೇಲೆ ಹೋಗ್ಬಾರ್ದು ಅಜ್ಜೀ, ಮೇಲೆ ಬೆನ್ನುಹುರಿ ಇದೆ. ಇಲ್ಲಿ ಕೆಳಗಾದ್ರೆ ಬರೀ ನರದ ಎಳೆಗಳು, ನೀರಲ್ಲಿ ತೇಲ್ತಾ ಇರ್ತವೆ." ಮುಗಿದ ಮೇಲೆ ನಿನ್ನ ಅಜ್ಜ ನನ್ನ ಬೆನ್ನು ನೋಡಿ, "ಮಗು ಇರೋ ಮನೆ ಗೋಡೆ ಆಗಿದೆಯಲ್ಲೇ" ಎಂದು ನಕ್ಕಿದ್ದರು. ಅಷ್ಟು ಕಾಟ ಸಹಿಸಿದ್ದು ನೀನು ಮನೆಯಲ್ಲಿ ಮುಸುಕು ಹಾಕಿ ಮಲಗಲಿ ಎಂದಲ್ಲ.

ಮೇಡಂ ಬೈದರೆ ಬೈಸಿಕೋ. ನಾನೂ ಬೈಯುತ್ತೇನೆ, ಅದರಿಂದ ಯಾರೂ ಸತ್ತಿಲ್ಲ. ನಿನ್ನ ತಲೆ ತಣ್ಣಗಿರಲಿ, ಕೈ ಗಟ್ಟಿಯಾಗಲಿ. ಅಜ್ಜ ತಮ್ಮದೂ ಆಶೀರ್ವಾದ ಸೇರಿಸು ಎಂದರು, ಸೇರಿಸಿದ್ದೇನೆ.

ನಿನ್ನ
ಸಿಡುಕಿ ಅಜ್ಜಿ

ಮತ್ತೆ: ಗುರುವಾರ ನನ್ನ ಮಂಡಿಯ ಆಪರೇಷನ್. ಸೊಂಟದ ಕೆಳಗೆ ಮರಗಟ್ಟಿಸಲು ಬೆನ್ನಿಗೇ ಸೂಜಿಯಂತೆ. "ಕಲಿಯುತ್ತಿರುವ ಹುಡುಗಿಯೊಬ್ಬಳು ಹಾಕುತ್ತಾಳೆ, ನಾನು ಪಕ್ಕದಲ್ಲೇ ಇರುತ್ತೇನೆ, ನಿಮಗೆ ಒಪ್ಪಿಗೆಯೇ?" ಎಂದು ದೊಡ್ಡ ಡಾಕ್ಟರು ಕೇಳಿದರು. ನಿನ್ನ ಅಮ್ಮ ಬೇಡವೇ ಬೇಡ ಎಂದಳು. ಅವಳ ಬಾಯಿ ಮುಚ್ಚಿಸಿ ನಾನು ಹೂಂ ಎಂದೆ. ಅಲ್ಲೇ ನಿಂತಿದ್ದ ಆ ಹುಡುಗಿಯ ಮುಖ ಬಿಳಿಚಿಕೊಂಡಿತ್ತು. ನನಗೂ ಭಯವೇ. ಕಾಲು ಝುಮ್ಮೆಂದರೆ ತಕ್ಷಣ ಹೇಳುತ್ತೇನೆ ಎಂದು ಅವಳಿಗೆ ಹೇಳಿದ್ದೇನೆ. ಸೂಜಿ ಹಿಂದಕ್ಕೆ ತೆಗಿ, ಮತ್ತೆ ಒತ್ತಿ ನೋಡು, ಮತ್ತೆ ಹಾಕು, ಬಿಟ್ಟು ಓಡಿಹೋಗಬೇಡ ಎಂದೆ.